ಹರಿದ ಲಿಗಮೆಂಟ್ ಹಾಗೆಯೇ ಬಿಟ್ಟರೆ ಮಂಡಿ ಎಷ್ಟು ವರ್ಷ ಬಾಳುತ್ತದೆ?

ಮುಂಬಯಿಯಲ್ಲಿ ನಮ್ಮ ಕನ್ನಡಿಗರ ಯಾವುದೇ ಸಂಘದ ಕ್ರೀಡೋತ್ಸವಕ್ಕೆ ಹೋಗಿ, ಕಬಡ್ಡಿ ಅಂಕಣದ ಹೊರಗೆ ಮಂಡಿಗೆ ಪಟ್ಟಿ ಸುತ್ತಿಕೊಂಡು ನಿಂತ ಮಾಜಿ ಆಟಗಾರರು ಒಬ್ಬಿಬ್ಬರಾದರೂ ಸಿಗುತ್ತಾರೆ. ಮಾತಿಗೆ ಎಳೆದರೆ ಕಥೆ ಎರಡು ಬಗೆಯದು. “ಲಿಗಮೆಂಟ್ ಹರಿದು ಇಪ್ಪತ್ತು ವರ್ಷವಾಯಿತು, ಆಪರೇಷನ್ ಮಾಡಿಸಲೇ ಇಲ್ಲ, ಈಗ ಏನಾಗಿದೆ ಹೇಳಿ?” ಎನ್ನುವವರು ಕೆಲವರು. “ಆಗಲೇ ಮಾಡಿಸಬೇಕಿತ್ತು ಮಾರಾಯರೇ, ಈಗ ಮಂಡಿಯನ್ನೇ ಬದಲಿಸಬೇಕು ಎನ್ನುತ್ತಿದ್ದಾರೆ” ಎನ್ನುವವರು ಇನ್ನು ಕೆಲವರು. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ತೊಂದರೆಯೇನೆಂದರೆ, ಹೊಸದಾಗಿ ಮಂಡಿ ಕೆಡಿಸಿಕೊಂಡ ಇಪ್ಪತ್ತೆರಡರ ಹುಡುಗ ಇವರಲ್ಲಿ ಯಾರ ಪಕ್ಕ ಹೋಗಿ ನಿಲ್ಲುತ್ತಾನೋ ಅದರ ಮೇಲೆ ಅವನ ಚಿಕಿತ್ಸೆ ತೀರ್ಮಾನವಾಗಿಬಿಡುತ್ತದೆ.

ಮೂಳೆಗೆ ಮೂಳೆಯನ್ನು ಬಿಗಿದು ಹಿಡಿಯುವ ಪಟ್ಟಿಯೇ ಲಿಗಮೆಂಟ್. ಅದು ಹರಿದ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸದೆ ಬಿಟ್ಟ ಮಂಡಿಗಳು ಮುಂದೆ ಏನಾದವು ಎಂಬುದನ್ನು ವೈದ್ಯರು ದಶಕಗಳಿಂದ ಬೆನ್ನು ಹತ್ತಿ ನೋಡಿದ್ದಾರೆ. ಆ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ಓದಿದಾಗ ನನಗೆ ಮನದಟ್ಟಾದದ್ದು ಇಷ್ಟು: ಮಂಡಿಯ ಆಯಸ್ಸನ್ನು ತಿನ್ನುವುದು ಹರಿದ ಲಿಗಮೆಂಟಿಗಿಂತ ಹೆಚ್ಚಾಗಿ ಅದರ ನಂತರ ಮತ್ತೆ ಮತ್ತೆ ಮಂಡಿ ಜಾರುವುದು, ಜಾರಿದಾಗಲೆಲ್ಲ ಒಳಗಿನ ಮೆನಿಸ್ಕಸ್ ಎಂಬ ಮೆತ್ತೆ ಜಜ್ಜಿಹೋಗುವುದು. ಆಪರೇಷನ್ ಇಲ್ಲದೆ ಚಿಕಿತ್ಸೆ ಪಡೆದ ಮಂಡಿಯನ್ನೂ ಏನೂ ಮಾಡದೆ ಬಿಟ್ಟ ಮಂಡಿಯನ್ನೂ ನಾವು ಒಂದೇ ಲೆಕ್ಕಕ್ಕೆ ಹಾಕುತ್ತೇವೆ. ಇವೆರಡರ ನಡುವಿನ ಅಂತರ, ಆಪರೇಷನ್ ಮಾಡಿಸಿದ್ದಕ್ಕೂ ಮಾಡಿಸದಿದ್ದಕ್ಕೂ ಇರುವ ಅಂತರಕ್ಕಿಂತ ದೊಡ್ಡದು.

ಮಂಡಿಯಲ್ಲಿ ಮುಖ್ಯ ಲಿಗಮೆಂಟುಗಳು ನಾಲ್ಕು. ಎಲ್ಲದರ ಕಥೆಯೂ ಒಂದೇ ಅಲ್ಲ. ಒಳಬದಿಯ ಎಂಸಿಎಲ್ ಹರಿದರೆ ಬಹುಪಾಲು ತಾನಾಗಿಯೇ ಕೂಡಿಕೊಳ್ಳುತ್ತದೆ. ಕೆಲವು ವಾರ ಆಧಾರಪಟ್ಟಿ ಕಟ್ಟಿ ಕಾದರೆ ಸಾಕು. ನಡುವಿನ ಹಿಂಬದಿಯ ಪಿಸಿಎಲ್ ಒಂದೇ ಹರಿದಿದ್ದರೂ ಸಾಮಾನ್ಯವಾಗಿ ಆಪರೇಷನ್ ಇಲ್ಲದೆಯೇ ನಿಭಾಯಿಸುತ್ತಾರೆ. ಪುಣೆಯಂತಹ ದ್ವಿಚಕ್ರ ವಾಹನಗಳ ಊರಿನಲ್ಲಿ ಈ ಗಾಯ ವೈದ್ಯರಿಗೆ ಚೆನ್ನಾಗಿ ಪರಿಚಿತ: ಸ್ಕೂಟರಿನಿಂದ ಬಿದ್ದು ಬಾಗಿದ ಮಂಡಿಯ ಕೆಳಭಾಗ ನೆಲಕ್ಕೆ ಬಡಿದರೆ ಕೆಳಗಾಲಿನ ಮೂಳೆ ಹಿಂದಕ್ಕೆ ತಳ್ಳಿಕೊಂಡು ಪಿಸಿಎಲ್ ಹರಿಯುತ್ತದೆ. ಹೊರಬದಿಯ ಲಿಗಮೆಂಟಿನ ಜೊತೆ ಹಿಂಮೂಲೆಯೂ ಹರಿದ ಗಾಯ ಮಾತ್ರ ಕೆಟ್ಟದ್ದು, ತಾನಾಗಿ ಗುಣವಾಗುವುದು ಅಪರೂಪ. ಒಂದೇ ಪೆಟ್ಟಿಗೆ ಎರಡು ಮೂರು ಲಿಗಮೆಂಟ್ ಹೋಗಿ ಮಂಡಿಯ ಕೀಲೇ ತಪ್ಪಿದ್ದರೆ ಚರ್ಚೆಗೆ ಅವಕಾಶವೇ ಇಲ್ಲ. ಮಂಡಿಯ ಹಿಂದಿನ ರಕ್ತನಾಳಕ್ಕೆ ಪೆಟ್ಟಾಗಿರುವ ಸಾಧ್ಯತೆ ಇರುತ್ತದೆ. ಗಂಟೆಗಳೊಳಗೆ ದೊಡ್ಡ ಆಸ್ಪತ್ರೆ ಸೇರದಿದ್ದರೆ ಕಾಲನ್ನೇ ಕಳೆದುಕೊಳ್ಳಬೇಕಾಗಬಹುದು.

ವಾದವಿರುವುದು ನಾಲ್ಕನೆಯದರ ಬಗ್ಗೆ, ಅಂದರೆ ನಡುವಿನ ಮುಂಬದಿಯ ಎಸಿಎಲ್ ಬಗ್ಗೆ. ಕೆಳಗಾಲಿನ ಮೂಳೆ ಮುಂದಕ್ಕೆ ಜಾರದಂತೆ, ಮಂಡಿ ಅತಿಯಾಗಿ ತಿರುಚದಂತೆ ಹಿಡಿದಿಡುವುದು ಇದರ ಕೆಲಸ. ಇದು ಕೀಲಿನ ಒಳಗಿನ ದ್ರವದಲ್ಲಿ ಮುಳುಗಿರುವುದರಿಂದ, ಹರಿದಾಗ ಎರಡು ತುದಿಗಳ ನಡುವೆ ರಕ್ತ ಹೆಪ್ಪುಗಟ್ಟಿ ನಿಲ್ಲುವುದಿಲ್ಲ. ಹೆಪ್ಪಿಲ್ಲದ ಕಡೆ ಹೊಸ ಅಂಗಾಂಶ ಬೆಳೆಯಲು ನೆಲೆಯೇ ಇಲ್ಲ. ‘ಎಸಿಎಲ್ ಎಂದೂ ಕೂಡಿಕೊಳ್ಳುವುದಿಲ್ಲ’ ಎಂಬ ಪಾಠ ವೈದ್ಯಕೀಯ ಕಾಲೇಜುಗಳಲ್ಲಿ ನೆಲೆಯೂರಿದ್ದು ಈ ಕಾರಣದಿಂದ. ಈ ಪಾಠ ಇತ್ತೀಚೆಗೆ ಸ್ವಲ್ಪ ಅಲುಗಾಡಿದೆ, ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಗಾಯ ಆಗುವ ಬಗೆ ಆಟಗಾರರಿಗೆಲ್ಲ ಗೊತ್ತು. ಪಾದ ನೆಲಕ್ಕೆ ಕಚ್ಚಿಕೊಂಡಿರುತ್ತದೆ, ದೇಹ ತಿರುಗುತ್ತದೆ, ಒಳಗೆ ‘ಟಪ್’ ಎಂದದ್ದು ಕೇಳಿಸುತ್ತದೆ. ಎದುರಾಳಿ ಮುಟ್ಟಿರಬೇಕೆಂದೂ ಇಲ್ಲ. ಒಂದೆರಡು ಗಂಟೆಯೊಳಗೆ ಮಂಡಿ ತುಂಬಿ ಊದಿಕೊಳ್ಳುತ್ತದೆ, ತುಂಬಿರುವುದು ರಕ್ತ. ಉಳುಕು ಎಂದುಕೊಂಡು ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸುವುದು ಈ ಹೊತ್ತಿನಲ್ಲೇ. ರಕ್ತ ತುಂಬಿದ ಮಂಡಿಯನ್ನು ತಿಕ್ಕಿ ತಿರುಚುವುದಕ್ಕಿಂತ ಕೆಟ್ಟ ಉಪಚಾರ ನನಗೆ ಹೊಳೆಯುವುದಿಲ್ಲ. ಎರಡು ಮೂರು ವಾರದಲ್ಲಿ ಊತ ಇಳಿಯುತ್ತದೆ, ನಡೆಯಲು ಬರುತ್ತದೆ, ‘ಎಣ್ಣೆಗೆ ವಾಸಿಯಾಯಿತು’ ಎಂಬ ಮಾತು ಹುಟ್ಟುತ್ತದೆ. ನಿಜಕ್ಕೂ ಆದದ್ದೇನೆಂದರೆ, ಸಮತಟ್ಟು ನೆಲದ ಮೇಲೆ ನೇರ ನಡೆಯಲು ಎಸಿಎಲ್ ಅಷ್ಟಾಗಿ ಬೇಕಾಗುವುದೇ ಇಲ್ಲ. ಅದರ ಕೊರತೆ ಗೊತ್ತಾಗುವುದು ತಿರುಗುವಾಗ, ದಿಢೀರನೆ ನಿಲ್ಲುವಾಗ, ಇಳಿಜಾರು ಇಳಿಯುವಾಗ. ನಡೆಯಬಲ್ಲೆ ಎಂಬ ಈ ಧೈರ್ಯವೇ ಎಷ್ಟೋ ಮಂಡಿಗಳಿಗೆ ಮುಳುವಾಗಿದೆ.

ಇದನ್ನು ಪತ್ತೆಹಚ್ಚಲು ದೊಡ್ಡ ಯಂತ್ರವೂ ಬೇಕಿಲ್ಲ. ಮುಂಬಯಿಯ ಪರೇಲಿನ ಕೆಇಎಂ ಆಸ್ಪತ್ರೆ ಇರಲಿ, ಗೋವಾದ ಬಾಂಬೋಲಿಯ ಸರ್ಕಾರಿ ವೈದ್ಯಕೀಯ ಕಾಲೇಜು ಇರಲಿ, ಅಸ್ಥಿರೋಗ ವಿಭಾಗದ ಕಿರಿಯ ವೈದ್ಯರೂ ಬರಿಗೈಯಲ್ಲಿ ಮಾಡುವ ಪರೀಕ್ಷೆ ಇದೆ. ರೋಗಿಯನ್ನು ಅಂಗಾತ ಮಲಗಿಸಿ ಮಂಡಿಯನ್ನು ಇಪ್ಪತ್ತು ಮೂವತ್ತು ಡಿಗ್ರಿ ಬಾಗಿಸುತ್ತಾರೆ. ಒಂದು ಕೈಯಿಂದ ತೊಡೆಯನ್ನು ಹಿಡಿದು ಇನ್ನೊಂದು ಕೈಯಿಂದ ಕೆಳಗಾಲನ್ನು ಮುಂದಕ್ಕೆ ಎಳೆಯುತ್ತಾರೆ. ಸರಿಯಿರುವ ಮಂಡಿ ಒಂದು ಹಂತಕ್ಕೆ ಬಂದು ಗಕ್ಕನೆ ನಿಲ್ಲುತ್ತದೆ. ಹರಿದ ಮಂಡಿಯಲ್ಲಿ ಆ ತಡೆ ಸಿಗುವುದಿಲ್ಲ, ಕಾಲು ಮೆತ್ತಗೆ ಮುಂದೆ ಬರುತ್ತಲೇ ಇರುತ್ತದೆ. ಅಮೆರಿಕದ ಫಿಲಡೆಲ್ಫಿಯಾದ ವೈದ್ಯ ಜಾನ್ ಲ್ಯಾಕ್‌ಮನ್ ಹೆಸರಿನಲ್ಲಿ ಇರುವ ಈ ಪರೀಕ್ಷೆಯನ್ನು 1976ರಲ್ಲಿ ಅವರ ಶಿಷ್ಯರು ಬರೆದು ಪ್ರಕಟಿಸಿದರು. ಎಂಆರ್‌ಐ ಬೇಕಾಗುವುದು ಮುಖ್ಯವಾಗಿ ಮೆನಿಸ್ಕಸ್ ಮತ್ತು ಮೂಳೆಗಳ ತುದಿಗೆ ಹೊದಿಕೆಯಾಗಿರುವ ನುಣುಪು ಪದರದ, ಅಂದರೆ ಮೃದ್ವಸ್ಥಿಯ ಸ್ಥಿತಿ ನೋಡಲು. ಬಹಳ ಜನ ತಿಳಿದಿರುವುದು ಇದಕ್ಕೆ ತಲೆಕೆಳಗು: ಎಂಆರ್‌ಐ ವರದಿಯಲ್ಲಿ ‘ಪೂರ್ತಿ ಹರಿದಿದೆ’ ಎಂದು ಇದ್ದರೆ ಆಪರೇಷನ್ ಖಚಿತ, ‘ಭಾಗಶಃ’ ಎಂದಿದ್ದರೆ ಪಾರು ಎಂಬ ನಂಬಿಕೆ. ನಿಮ್ಮ ಮಂಡಿ ಜಾರುತ್ತದೆಯೋ ಇಲ್ಲವೋ ಎಂಬುದನ್ನು ಆ ಚಿತ್ರ ಹೇಳುವುದಿಲ್ಲ.

ಮೆನಿಸ್ಕಸ್ ಅಂದರೆ ಎರಡು ಮೂಳೆಗಳ ನಡುವೆ ಅರ್ಧಚಂದ್ರಾಕಾರವಾಗಿ ಕುಳಿತ, ರಬ್ಬರಿನಷ್ಟು ಬಿರುಸಾದ ಮೆತ್ತೆ. ಒಳಬದಿಗೊಂದು, ಹೊರಬದಿಗೊಂದು. ಎಸಿಎಲ್ ಇಲ್ಲದಾಗ ಒಳಬದಿಯ ಮೆನಿಸ್ಕಸ್‌ನ ಹಿಂದಿನ ಕೊಂಬೇ ಕೆಳಗಾಲಿನ ಮೂಳೆಗೆ ತಡೆಯಾಗುತ್ತದೆ. ಘಾಟಿಯಲ್ಲಿ ನಿಲ್ಲಿಸಿದ ಲಾರಿಯ ಬ್ರೇಕ್ ಹಿಡಿಯದಿದ್ದಾಗ ಚಕ್ರಕ್ಕೆ ಕೊಟ್ಟ ಕಲ್ಲು ಇಡೀ ಭಾರ ತಡೆಯುವಂತೆ. ಒಂದೆರಡು ಸಲ ತಡೆದೀತು. ಪ್ರತಿ ಸಲ ಮಂಡಿ ಜಾರಿದಾಗಲೂ ಅದು ಹಿಂಡಿಹೋಗುತ್ತದೆ, ಕೊನೆಗೆ ಹರಿಯುತ್ತದೆ. ಅದು ಹೋದ ಮೇಲೆ ಭಾರ ನೇರವಾಗಿ ಮೃದ್ವಸ್ಥಿಯ ಮೇಲೆ ಬೀಳುತ್ತದೆ, ಸವೆತ ಶುರುವಾಗುತ್ತದೆ.

ಈ ಸರಪಳಿಯನ್ನು ಅತ್ಯಂತ ನಿಷ್ಠುರವಾಗಿ ತೋರಿಸುವ ದಾಖಲೆ ಹಳೆಯ ಪೂರ್ವ ಜರ್ಮನಿಯದು. 1960ರ ದಶಕದಲ್ಲಿ ಎಸಿಎಲ್ ಹರಿದುಕೊಂಡ ಅಲ್ಲಿನ 19 ಉನ್ನತ ಮಟ್ಟದ ಕ್ರೀಡಾಪಟುಗಳು ಆಪರೇಷನ್ ಇಲ್ಲದೆಯೇ ಮತ್ತೆ ಆಟಕ್ಕೆ ಇಳಿದರು. ಹತ್ತು ವರ್ಷದೊಳಗೆ ಅವರಲ್ಲಿ 15 ಮಂದಿಯ ಮೆನಿಸ್ಕಸ್ ಹೋಗಿತ್ತು, ಇಪ್ಪತ್ತು ವರ್ಷದ ಹೊತ್ತಿಗೆ 18 ಮಂದಿಯದು. 35 ವರ್ಷಗಳ ನಂತರ ನೋಡಿದಾಗ ಸುಮಾರು ಅರ್ಧದಷ್ಟು ಜನರ ಪಾಲಿಗೆ ಕೃತಕ ಮಂಡಿಯ ಕಾಲ ಬಂದಿತ್ತು. 

ಇದರ ಪಕ್ಕದಲ್ಲಿ ಸ್ವೀಡನ್ನಿನ ಲುಂಡ್ ನಗರದ ಅಧ್ಯಯನವನ್ನು ಇಟ್ಟು ನೋಡಬೇಕು. ಅಲ್ಲಿ 1980ರ ದಶಕದ ಕೊನೆಯಲ್ಲಿ ಎಸಿಎಲ್ ಹರಿದ ನೂರು ಮಂದಿಗೆ ಮೊದಲು ಆಪರೇಷನ್ ಮಾಡಲಿಲ್ಲ. ವ್ಯವಸ್ಥಿತ ವ್ಯಾಯಾಮ ಕೊಟ್ಟು, ತಿರುಗಿ ಜಿಗಿಯುವ ಆಟಗಳನ್ನು ಬಿಡಿ ಎಂದು ಸಲಹೆ ಕೊಟ್ಟರು. ಹದಿನೈದು ವರ್ಷಗಳ ನಂತರ ಎಕ್ಸ್‌ರೇಯಲ್ಲಿ ಸವೆತ ಕಂಡದ್ದು ಶೇ 16 ಮಂದಿಯಲ್ಲಿ ಮಾತ್ರ. ಆ ಸವೆತವೂ ಮೆನಿಸ್ಕಸ್ ತೆಗೆಸಿಕೊಂಡವರ ಮಂಡಿಗಳಲ್ಲೇ ಕಂಡಿತು. ಸುಮಾರು ನಾಲ್ಕರಲ್ಲಿ ಒಬ್ಬರು ನಡುವೆ ಎಂದೋ ಆಪರೇಷನ್ ಮಾಡಿಸಿಕೊಂಡರು ಎಂಬುದನ್ನೂ ಹೇಳಬೇಕು. ಗಾಯ ಅದೇ, ಎರಡೂ ಕಡೆ ಮೊದಲಿಗೆ ಆಪರೇಷನ್ ಇಲ್ಲ. ಒಬ್ಬರು ಜಾರುವ ಮಂಡಿಯಲ್ಲೇ ಪದಕದ ಹಿಂದೆ ಓಡಿದರು, ಇನ್ನೊಬ್ಬರು ತೊಡೆಯ ಸ್ನಾಯುಗಳನ್ನು ಗಟ್ಟಿಮಾಡಿಕೊಂಡು ಆಟ ಬದಲಿಸಿದರು. ಎರಡು ಬೇರೆ ಕಾಲದ, ಬೇರೆ ಬಗೆಯ ಗುಂಪುಗಳನ್ನು ಹೀಗೆ ಎದುರುಬದುರು ನಿಲ್ಲಿಸುವುದಕ್ಕೆ ಮಿತಿಯಿದೆ, ಒಪ್ಪುತ್ತೇನೆ. ಆದರೂ ಕ್ರೀಡೋತ್ಸವದ ಆ ಇಬ್ಬರು ಮಾಜಿ ಆಟಗಾರರು ಏಕೆ ಬೇರೆ ಬೇರೆಯಾದರು ಎಂಬುದಕ್ಕೆ ಇಷ್ಟು ಸ್ಪಷ್ಟವಾದ ವಿವರಣೆ ಬೇರೆಲ್ಲೂ ಸಿಗುವುದಿಲ್ಲ.

ಸಿನ್ಸಿನಾಟಿಯ ಶಸ್ತ್ರವೈದ್ಯ ಫ್ರಾಂಕ್ ನೋಯ್ಸ್ 1983ರಲ್ಲೇ ಒಂದು ಸ್ಥೂಲ ಲೆಕ್ಕ ಕೊಟ್ಟಿದ್ದರು. ಎಸಿಎಲ್ ಇಲ್ಲದವರಲ್ಲಿ ಮೂರನೇ ಒಂದು ಭಾಗ ಹವ್ಯಾಸದ ಆಟಗಳನ್ನೂ ಆಡಿಕೊಂಡು ನಿಭಾಯಿಸುತ್ತಾರೆ, ಇನ್ನೊಂದು ಭಾಗ ಕೆಲವನ್ನು ಬಿಟ್ಟುಕೊಟ್ಟು ನಿಭಾಯಿಸುತ್ತಾರೆ, ಉಳಿದ ಭಾಗಕ್ಕೆ ಆಪರೇಷನ್ ಇಲ್ಲದೆ ಆಗುವುದಿಲ್ಲ. ಲೆಕ್ಕ ಒರಟಾದದ್ದೇ, ಆದರೆ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಯಾರು ಯಾವ ಭಾಗಕ್ಕೆ ಸೇರುತ್ತಾರೆ ಎಂಬುದು ಮೊದಲ ದಿನ ಗೊತ್ತಾಗುವುದಿಲ್ಲ ಎಂಬುದೇ ಅದರ ತೊಡಕು. ಅಮೆರಿಕದ ಡೆಲವೇರ್ ಮತ್ತು ನಾರ್ವೆಯ ಓಸ್ಲೋ ತಂಡಗಳು ಕಂಡುಕೊಂಡಂತೆ, ಆರಂಭದ ಪರೀಕ್ಷೆಯಲ್ಲಿ ‘ಇವರಿಂದಾಗದು’ ಎನಿಸಿದವರಲ್ಲೂ ಎಷ್ಟೋ ಮಂದಿ ಕೆಲವು ವಾರಗಳ ಬಿಗಿಯಾದ ವ್ಯಾಯಾಮದ ನಂತರ ನಿಭಾಯಿಸುವವರ ಸಾಲಿಗೆ ಬರುತ್ತಾರೆ.

ಹಾಗಾದರೆ ಆಪರೇಷನ್ ಮಾಡಿಸಿದವರ ಮಂಡಿ ಸವೆಯುವುದಿಲ್ಲವೇ? ಸವೆಯುತ್ತದೆ. ಬಹಳ ಜನರಿಗೆ ನಂಬಲಾಗದ ಸಂಗತಿ ಇದು. ಸ್ವೀಡನ್ನಿನ ಪುರುಷ ಫುಟ್‌ಬಾಲ್ ಆಟಗಾರರನ್ನು ಗಾಯವಾಗಿ 14 ವರ್ಷಗಳ ನಂತರ ಪರೀಕ್ಷಿಸಿದಾಗ ಶೇ 78 ಮಂದಿಯ ಎಕ್ಸ್‌ರೇಯಲ್ಲಿ ಬದಲಾವಣೆ ಇತ್ತು. ಅಲ್ಲಿನ ಮಹಿಳಾ ಆಟಗಾರರಲ್ಲಿ 12 ವರ್ಷಕ್ಕೇ ಶೇ 82. ಎರಡೂ ಅಧ್ಯಯನಗಳು ಪ್ರಕಟವಾದದ್ದು 2004ರಲ್ಲಿ, ಎರಡರಲ್ಲೂ ಆಪರೇಷನ್ ಮಾಡಿಸಿದವರಿಗೂ ಮಾಡಿಸದವರಿಗೂ ಈ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಾರಣ ಮೊದಲ ಪೆಟ್ಟಿನಲ್ಲೇ ಇದೆ. ಲಿಗಮೆಂಟ್ ಹರಿಯುವ ಆ ಕ್ಷಣದಲ್ಲಿ ಎರಡು ಮೂಳೆಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಒಳಗೇ ಜಜ್ಜಿರುತ್ತವೆ, ಮುಂದಿನ ವಾರಗಳಲ್ಲಿ ಕೀಲಿನೊಳಗೆ ಉರಿಯೂತದ ರಾಸಾಯನಿಕಗಳು ಮೃದ್ವಸ್ಥಿಯನ್ನು ಕೆಣಕುತ್ತಿರುತ್ತವೆ. ಹೊಸ ಲಿಗಮೆಂಟ್ ಹಾಕಿದರೆ ಅಲುಗಾಟ ನಿಂತೀತು, ಆದ ಪೆಟ್ಟು ಆಗಲಿಲ್ಲ ಎಂದಾಗುವುದಿಲ್ಲ. ‘ಮುಂದೆ ಮಂಡಿ ಸವೆಯಬಾರದು ಎಂದಿದ್ದರೆ ಈಗಲೇ ಆಪರೇಷನ್ ಮಾಡಿಸಿ’ ಎಂಬ ಮಾತನ್ನು ಯಾರಾದರೂ ಹೇಳಿದರೆ, ಆ ಭರವಸೆಗೆ ಗಟ್ಟಿ ಆಧಾರವಿಲ್ಲ ಎಂದು ತಿಳಿಯಬಹುದು. ಆಪರೇಷನ್ ಕೊಡುವುದು ಸ್ಥಿರತೆ. ಬೇಕಿರುವುದು ಅದೇ ಆದರೆ ಅದು ಒಳ್ಳೆಯ ಆಪರೇಷನ್.

ಆಪರೇಷನ್ನನ್ನೂ ವ್ಯಾಯಾಮವನ್ನೂ ಹೋಲಿಸಿ ನೋಡಿದ ಮೂರು ದೊಡ್ಡ ಪ್ರಯೋಗಗಳಿವೆ, ಮೂರೂ ಮೂರು ದಿಕ್ಕಿಗೆ ಎಳೆದಂತೆ ಕಾಣುತ್ತವೆ. ಮೊದಲನೆಯದು ಸ್ವೀಡನ್ನಿನದು, 2010ರಲ್ಲಿ ಪ್ರಕಟವಾದದ್ದು. 18ರಿಂದ 35 ವರ್ಷದ 121 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಬೇಗ ಆಪರೇಷನ್, ಇನ್ನೊಂದಕ್ಕೆ ಮೊದಲು ವ್ಯಾಯಾಮ, ಬೇಕೆನಿಸಿದರೆ ಮಾತ್ರ ಆಪರೇಷನ್. ಎರಡು ವರ್ಷಕ್ಕೂ ಐದು ವರ್ಷಕ್ಕೂ ನೋವು, ಓಡಾಟ, ಬದುಕಿನ ಗುಣಮಟ್ಟದಲ್ಲಿ ವ್ಯತ್ಯಾಸ ಸಿಗಲಿಲ್ಲ. ವ್ಯಾಯಾಮದ ಗುಂಪಿನಲ್ಲಿ ಐದು ವರ್ಷದ ಹೊತ್ತಿಗೆ ಅರ್ಧದಷ್ಟು ಜನ ಆಪರೇಷನ್ ಮಾಡಿಸಿಕೊಂಡಿದ್ದರು. ಎರಡನೆಯದು ನೆದರ್ಲೆಂಡ್ಸ್‌ನದು, 2021ರದು, 167 ಮಂದಿಯದು. ಎರಡು ವರ್ಷಕ್ಕೆ ಬೇಗ ಆಪರೇಷನ್ ಆದವರು ಮಂಡಿಯ ಸ್ಥಿತಿಗತಿಯಲ್ಲಿ ನೂರಕ್ಕೆ 84.7 ಅಂಕ ಪಡೆದರೆ, ವ್ಯಾಯಾಮದಿಂದ ಶುರುಮಾಡಿದವರು 79.4 ಪಡೆದರು. ಇಲ್ಲಿಯೂ ಕೊನೆಗೆ ಅರ್ಧ ಜನ ಆಪರೇಷನ್‌ಗೆ ಹೋದರು. ಆ ಐದು ಅಂಕದ ವ್ಯತ್ಯಾಸ ರೋಗಿಯ ಅನುಭವಕ್ಕೆ ಬರುವಷ್ಟು ದೊಡ್ಡದೇ ಎಂದು ಸಂಶೋಧಕರೇ ಅನುಮಾನ ಪಟ್ಟಿದ್ದಾರೆ. ಮೂರನೆಯದು ಬ್ರಿಟನ್ನಿನದು, 2022ರದು, 316 ಮಂದಿಯದು. ಇಲ್ಲಿ ಆಪರೇಷನ್ನೇ ಸ್ಪಷ್ಟವಾಗಿ ಗೆದ್ದಿತು: 18 ತಿಂಗಳಿಗೆ 73 ಅಂಕ, ಎದುರಿಗೆ 64.6.

ಆಪರೇಷನ್ ಪರ ಇರುವವರು ಮೂರನೆಯದನ್ನು ಹಿಡಿದುಕೊಳ್ಳುತ್ತಾರೆ, ವಿರೋಧಿಗಳು ಮೊದಲನೆಯದನ್ನು. ಎರಡು ಪಕ್ಷದವರೂ ಓದದೆ ಹಾರಿಸಿಬಿಡುವ ಸಾಲು ಒಂದಿದೆ. ಮೊದಲೆರಡರಲ್ಲಿ ಇದ್ದವರು ಆಗಷ್ಟೇ ಗಾಯವಾದವರು. ಬ್ರಿಟನ್ನಿನ ಪ್ರಯೋಗದಲ್ಲಿದ್ದವರು ಹಳೆಯ ಗಾಯದವರು, ತಿಂಗಳುಗಟ್ಟಲೆ ಮಂಡಿ ಜಾರುತ್ತಲೇ ಇದ್ದವರು. ಹಾಗೆ ನೋಡಿದರೆ ಮೂರೂ ಒಂದೇ ಮಾತು ಹೇಳುತ್ತವೆ. ಹೊಸ ಗಾಯಕ್ಕೆ ಮೊದಲು ವ್ಯಾಯಾಮ ಮಾಡಿ ನೋಡಲು ಅವಕಾಶವಿದೆ, ಅರ್ಧದಷ್ಟು ಜನ ಅಲ್ಲಿಗೇ ಪಾರಾಗುತ್ತಾರೆ. ಆದರೆ ತಿಂಗಳುಗಳು ಕಳೆದರೂ ಮಂಡಿ ಜಾರುವುದು ನಿಲ್ಲದಿದ್ದರೆ ಮತ್ತಷ್ಟು ವ್ಯಾಯಾಮ ಮಾಡುತ್ತ ಕೂರುವುದರಲ್ಲಿ ಅರ್ಥವಿಲ್ಲ.

ಇನ್ನು ‘ಎಂದೂ ಕೂಡಿಕೊಳ್ಳುವುದಿಲ್ಲ’ ಎಂಬ ಪಾಠದ ವಿಷಯ. ಸ್ವೀಡನ್ನಿನ ಅದೇ ಪ್ರಯೋಗದ ಎಂಆರ್‌ಐಗಳನ್ನು 2022ರಲ್ಲಿ ಮತ್ತೆ ತೆಗೆದು ನೋಡಿದಾಗ, ಆಪರೇಷನ್ ಇಲ್ಲದೆ ವ್ಯಾಯಾಮದಲ್ಲೇ ಉಳಿದವರ ಪೈಕಿ ಶೇ 53 ಮಂದಿಯಲ್ಲಿ ಎರಡು ವರ್ಷದ ಹೊತ್ತಿಗೆ ಎಸಿಎಲ್ ಕೂಡಿಕೊಂಡ ಲಕ್ಷಣ ಕಂಡಿತು. ಮರುವರ್ಷ ಆಸ್ಟ್ರೇಲಿಯಾದಿಂದ ಇನ್ನೊಂದು ಸುದ್ದಿ ಬಂತು: ಗಾಯವಾದ ತಕ್ಷಣ ಮಂಡಿಯನ್ನು 90 ಡಿಗ್ರಿಗೆ ಬಾಗಿಸಿ ನಾಲ್ಕು ವಾರ ಬ್ರೇಸ್‌ನಲ್ಲಿ ಬಂಧಿಸಿಟ್ಟು, ನಂತರ ನಿಧಾನವಾಗಿ ಬಿಡಿಸುತ್ತ ಹನ್ನೆರಡು ವಾರ ಮುಗಿಸಿದ 80 ಮಂದಿಯಲ್ಲಿ ಶೇ 90ರಷ್ಟು ಜನರಿಗೆ ಕೂಡಿಕೊಂಡ ಲಕ್ಷಣ ಕಂಡಿತ್ತು. ಈ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿ ಈಗ ನಮ್ಮ ಫಿಸಿಯೋಥೆರಪಿ ಕೋಣೆಗಳಿಗೂ ಬಂದಿದೆ. ಹೋಲಿಕೆಗೆ ಇನ್ನೊಂದು ಗುಂಪಿಲ್ಲದ ಅಧ್ಯಯನ ಅದು, ಮತ್ತು ಎಂಆರ್‌ಐಯಲ್ಲಿ ಕೂಡಿಕೊಂಡಂತೆ ಕಾಣುವುದಕ್ಕೂ ಕಬಡ್ಡಿ ಅಂಕಣದಲ್ಲಿ ಹಿಡಿದು ನಿಲ್ಲುವುದಕ್ಕೂ ವ್ಯತ್ಯಾಸವಿದೆ. ಒಂದು ತಿಂಗಳು ಮಡಿಚಿಟ್ಟ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಸಣ್ಣದಲ್ಲ. ನಾಲ್ಕನೇ ಮಹಡಿಯ ಚಾಳಿನಲ್ಲಿ, ಸಾರ್ವಜನಿಕ ಶೌಚಾಲಯ ಬಳಸಬೇಕಾದವನು ಮಂಡಿಯನ್ನು 90 ಡಿಗ್ರಿಗೆ ಕಟ್ಟಿಕೊಂಡು ಒಂದು ತಿಂಗಳು ಹೇಗೆ ಕಳೆಯಬೇಕು ಎಂಬುದನ್ನು ಆ ವಿಡಿಯೋಗಳು ಹೇಳುವುದಿಲ್ಲ. ವೈದ್ಯರ ಕಣ್ಗಾವಲಿಲ್ಲದೆ ಯಾರೂ ಇದಕ್ಕೆ ಕೈ ಹಾಕಬಾರದು.

ಆಪರೇಷನ್ ಮಾಡಿಸಿದರೆ ಹಳೆಯ ಆಟ ಮರಳಿ ಸಿಕ್ಕೇ ಸಿಗುತ್ತದೆ ಎಂಬುದೂ ಅಷ್ಟೇ ದೊಡ್ಡ ಭ್ರಮೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕದ ಪ್ರಕಾರ ಗಾಯಕ್ಕೆ ಮುಂಚಿನ ಮಟ್ಟಕ್ಕೆ ಮರಳುವವರು ಶೇ 65, ಸ್ಪರ್ಧಾತ್ಮಕ ಆಟಕ್ಕೆ ಮರಳುವವರು ಶೇ 55. ಇಪ್ಪತ್ತೈದರೊಳಗಿನವರು ಆಟಕ್ಕೆ ಮರಳಿದರೆ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಅದೇ ಮಂಡಿಯೋ ಇನ್ನೊಂದೋ ಮತ್ತೆ ಹರಿಯುತ್ತದೆ.

ಇಷ್ಟೆಲ್ಲ ಅಧ್ಯಯನಗಳಲ್ಲಿ ‘ಆಪರೇಷನ್ ಇಲ್ಲದ ಗುಂಪು’ ಎಂದರೆ ವಾರಕ್ಕೆ ಎರಡು ಮೂರು ಸಲ ಫಿಸಿಯೋಥೆರಪಿಸ್ಟರ ಮುಂದೆ ಬೆವರು ಸುರಿಸಿದವರು. ಮುಂಬಯಿಯಲ್ಲಿ ಆಪರೇಷನ್ ಮಾಡಿಸದವರು ಎಂದರೆ ಹೆಚ್ಚಿನಂಶ ಏನನ್ನೂ ಮಾಡಿಸದವರು. ಇದಕ್ಕೆ ಸೋಮಾರಿತನ ಕಾರಣವಲ್ಲ. ಹಣದ ದಾರಿಗಳೇ ಹಾಗಿವೆ.

ಮಾಟುಂಗಾದ ಯಾವುದೋ ಒಂದು ಉಡುಪಿ ಹೋಟೆಲಿನ ಸಪ್ಲೈಯರ್ ಹುಡುಗನನ್ನು ಕಣ್ಣ ಮುಂದೆ ತಂದುಕೊಳ್ಳಿ. ಎಡಗೈಯ ಮೇಲೆ ಮೊಣಕೈವರೆಗೂ ತಟ್ಟೆಗಳು, ಬಲಗೈಯಲ್ಲಿ ಸಾಂಬಾರಿನ ಬಟ್ಟಲುಗಳು. ಅಡುಗೆಮನೆಯ ಒದ್ದೆ ನೆಲದಿಂದ ಹೊರಬಂದು, ಎರಡು ಮೇಜುಗಳ ನಡುವಿನ ಸಂದಿಯಲ್ಲಿ ಒಂದೇ ಕಾಲಿನ ಮೇಲೆ ತಿರುಗಿ ಮೂರನೆಯ ಮೇಜಿಗೆ ಇಡ್ಲಿ ಇಡಬೇಕು. ಬೆಳಿಗ್ಗೆ ಆರರಿಂದ ಇದೇ ಕೆಲಸ. ಅವನ ಗಾಯದ ದಾಖಲೆಯಲ್ಲಿ ‘ಕ್ರೀಡಾಪಟು ಅಲ್ಲ’ ಎಂದು ಬರೆದಿರುತ್ತಾರೆ, ಆದರೆ ಅವನ ಮಂಡಿ ದಿನಕ್ಕೆ ತಿರುಗುವಷ್ಟು ಸಲ ಯಾವ ಫುಟ್‌ಬಾಲ್ ಆಟಗಾರನ ಮಂಡಿಯೂ ತಿರುಗದು. ಹವ್ಯಾಸಿ ಯಕ್ಷಗಾನ ಮಾಡುವವನಾಗಿದ್ದರೆ ಗಿರಗಿರನೆ ತಿರುಗುವ ಧಿಗಿಣವೂ ಸೇರಿತು. ಮಂಡಿ ಊದಿದಾಗ ಧಣಿ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ: “ಒಂದು ತಿಂಗಳು ಊರಿಗೆ ಹೋಗಿ ಬಾ.” ಊರಿನಲ್ಲಿ ಕಟ್ಟು, ಎಣ್ಣೆ, ವಿಶ್ರಾಂತಿ. ವಿಶ್ರಾಂತಿಯಲ್ಲೇ ಇರುವುದು ವಿಷ. ಮಂಡಿಯೊಳಗೆ ಸ್ವಲ್ಪ ನೀರು ನಿಂತರೂ ನರಗಳು ತೊಡೆಯ ಮುಂಭಾಗದ ಸ್ನಾಯುವಿನ ಬಲವನ್ನು ಕುಗ್ಗಿಸಿಬಿಡುತ್ತವೆ. ಆ ಸ್ನಾಯುವನ್ನು ಬೇಕೆಂದೇ ದುಡಿಸದಿದ್ದರೆ ಕೆಲವೇ ವಾರಗಳಲ್ಲಿ ತೊಡೆ ಕಣ್ಣಿಗೆ ಕಾಣುವಷ್ಟು ಸೊರಗುತ್ತದೆ. ಹುಡುಗ ಮರಳಿ ಬಂದು, ಮೆಡಿಕಲ್ ಅಂಗಡಿಯಲ್ಲಿ ಸಿಗುವ ಎಲಾಸ್ಟಿಕ್ ನೀ ಕ್ಯಾಪ್ ಹಾಕಿಕೊಂಡು, ಸೊರಗಿದ ತೊಡೆಯಲ್ಲಿ ಅದೇ ಒದ್ದೆ ನೆಲದ ಮೇಲೆ ತಿರುಗುತ್ತಾನೆ. ಆ ಕ್ಯಾಪ್ ಬೆಚ್ಚಗಿಡುತ್ತದೆ, ಧೈರ್ಯ ಕೊಡುತ್ತದೆ. ಮಂಡಿ ತಿರುಚುವುದನ್ನು ತಡೆಯುವ ಶಕ್ತಿ ಅದಕ್ಕಿಲ್ಲ.

ಈಗ ದುಡ್ಡಿನ ವಿಷಯ. ಖಾಸಗಿ ಆಸ್ಪತ್ರೆಯಲ್ಲಿ ಎಸಿಎಲ್ ಆಪರೇಷನ್ ಲಕ್ಷ ದಾಟುವುದು ಮಾಮೂಲು. ಆರೋಗ್ಯ ವಿಮೆ ಇದ್ದವನಿಗೆ ಆ ಹಣ ವಿಮೆಯಿಂದ ಬರುತ್ತದೆ, ಜೊತೆಗೆ ಸಾಮಾನ್ಯವಾಗಿ ಆಸ್ಪತ್ರೆ ಸೇರುವ ಮುಂಚಿನ 30 ದಿನ, ನಂತರದ 60 ದಿನದ ಖರ್ಚೂ ಸಿಗುತ್ತದೆ. ಹಲವು ಪಾಲಿಸಿಗಳಲ್ಲಿ ಲಿಗಮೆಂಟ್ ಆಪರೇಷನ್‌ಗೆ ಎರಡು ವರ್ಷದ ಕಾಯುವ ಅವಧಿ ಇರುತ್ತದೆ, ಅಪಘಾತದಿಂದ ಆದದ್ದಕ್ಕೆ ವಿನಾಯಿತಿ; ಅದನ್ನು ಮೊದಲೇ ಓದಿಕೊಳ್ಳುವುದು ಒಳ್ಳೆಯದು. ಅದೇ ಮನುಷ್ಯ ‘ಆಪರೇಷನ್ ಬೇಡ, ಮೂರು ತಿಂಗಳು ಫಿಸಿಯೋಥೆರಪಿ ಮಾಡುತ್ತೇನೆ’ ಎಂದರೆ ಬಹುತೇಕ ಪಾಲಿಸಿಗಳು ಒಂದು ರೂಪಾಯಿಯನ್ನೂ ಕೊಡುವುದಿಲ್ಲ, ಏಕೆಂದರೆ ಅವನು ಆಸ್ಪತ್ರೆಯಲ್ಲಿ ಮಲಗಲಿಲ್ಲ. ಒಂದು ಸಲಕ್ಕೆ ಐನೂರರಿಂದ ಸಾವಿರದಂತೆ ಕೈಯಿಂದಲೇ ತೆರಬೇಕು. ಹೀಗಾಗಿ ಪುಣೆಯ ಹಿಂಜವಡಿಯಲ್ಲಿ ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡುವ, ವಾರಾಂತ್ಯಕ್ಕೆ ಸಿಂಹಗಡ ಹತ್ತುವುದಷ್ಟೇ ಸಾಹಸವಾದ ಸಾಫ್ಟ್‌ವೇರ್ ಉದ್ಯೋಗಿ ಬೇಗ ಆಪರೇಷನ್ ಮಾಡಿಸಿಕೊಳ್ಳುತ್ತಾನೆ. ಅವನು ವ್ಯಾಯಾಮದಲ್ಲೇ ಪಾರಾಗುವ ಸಾಧ್ಯತೆ ಹೆಚ್ಚಿತ್ತು. ಆಪರೇಷನ್ ಹೆಚ್ಚು ಬೇಕಾಗಿದ್ದ ಸಪ್ಲೈಯರ್ ಹುಡುಗನಿಗೆ ಅದೂ ಇಲ್ಲ, ಇದೂ ಇಲ್ಲ.

ಅವನಿಗೆ ಇಎಸ್ಐ, ಅಂದರೆ ನೌಕರರ ರಾಜ್ಯ ವಿಮೆ ಇದ್ದರೆ ಸ್ವಲ್ಪ ಆಸರೆ ಇದೆ. ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದು ವಂತಿಗೆ ಕಟ್ಟಿದ್ದರೆ ಚಿಕಿತ್ಸೆ ಉಚಿತ, ಅನಾರೋಗ್ಯದ ರಜೆಗೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70ರಷ್ಟು ಭತ್ಯೆ. ಮೂರು ತಿಂಗಳು ಬಿಗಿಯಾಗಿ ವ್ಯಾಯಾಮ ಮಾಡಿ ನೋಡಲು ಈ 91 ದಿನ ಹೆಚ್ಚೂಕಡಿಮೆ ಸರಿಹೊಂದುತ್ತದೆ. ಆದರೆ ಈ ಸೌಲಭ್ಯವನ್ನು ಊರಿಗೆ ಹೋಗಿ ಮಲಗಲು ಬಳಸಿದರೆ ಅಷ್ಟೂ ದಿನ ವ್ಯರ್ಥ. ಗೋವಾದ ಬೈನಾ, ಝುವಾರಿನಗರದ ಕಡೆ ಇರುವ ವಿಜಯಪುರ, ಬಾಗಲಕೋಟೆ, ಗದಗದ ಕಟ್ಟಡ ಕೂಲಿಗಳ ಪಾಡು ಇನ್ನೂ ಕಷ್ಟ. ಏಣಿ ಹತ್ತಿ ಇಳಿಯುವ ಕೆಲಸ, ದಿನಗೂಲಿ. ಗೋವಾ ಸರ್ಕಾರದ ದೀನದಯಾಳ್ ಸ್ವಾಸ್ಥ್ಯ ಸೇವಾ ಯೋಜನೆಗೆ ಐದು ವರ್ಷ ಅಲ್ಲಿ ನೆಲೆಸಿದ ದಾಖಲೆ ಬೇಕು; ಗುತ್ತಿಗೆದಾರನ ಹಿಂದೆ ಊರೂರು ತಿರುಗುವವರಲ್ಲಿ ಆ ಕಾಗದ ಇರುವುದು ಅಪರೂಪ.

ಯಾರು ಕಾಯಬಾರದು ಎಂಬುದನ್ನು ಮಾತ್ರ ಸ್ಪಷ್ಟವಾಗಿ ಹೇಳಬಹುದು. ಮಂಡಿ ಸಿಕ್ಕಿಹಾಕಿಕೊಂಡು ನೇರ ಮಾಡಲು ಬಾರದವರು. ಮಡಚಿಕೊಂಡ ಮೆನಿಸ್ಕಸ್ ಕೀಲಿಗೆ ಅಡ್ಡ ಬಂದಿರಬಹುದು, ಬೇಗ ಹೊಲಿದರೆ ಉಳಿಯುತ್ತದೆ. ಹದಿಹರೆಯದ ಮಕ್ಕಳು, ಅವರನ್ನು ಸುಮ್ಮನಿರಿಸುವುದು ಯಾರಿಂದಲೂ ಆಗದು, ತಡಮಾಡಿದಷ್ಟೂ ಮೆನಿಸ್ಕಸ್ ಹೋಗುತ್ತದೆ. ಕಬಡ್ಡಿ, ಫುಟ್‌ಬಾಲ್, ಹ್ಯಾಂಡ್‌ಬಾಲ್‌ಗೆ ಮರಳಲೇಬೇಕು ಎನ್ನುವವರು. ಕೆಳಗೆ ಕುಕ್ಕರುಗಾಲಿನಲ್ಲಿ ಕುಳಿತು ಏಳುವಾಗ ಮಂಡಿಯ ಹಿಂಭಾಗದಲ್ಲಿ ‘ಕಟಕ್’ ಎಂದು ನೋಯುತ್ತಿದ್ದರೆ ಅದೂ ಒಳಗಿನ ಮೆನಿಸ್ಕಸ್ ಹೋಗುತ್ತಿರುವ ಸೂಚನೆ ಇರಬಹುದು, ತೋರಿಸಿಕೊಳ್ಳಬೇಕು. ಎಲ್ಲ ಸವೆದ ಮೇಲೆ ಮಂಡಿ ಬದಲಿಸಿದರಾಯಿತು ಎಂಬ ಲೆಕ್ಕಾಚಾರ ನಲವತ್ತರ ವಯಸ್ಸಿಗೆ ನಡೆಯುವುದಿಲ್ಲ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿದ್ದರಿಂದ ಅದು ಅಗ್ಗವಾಗಿದೆ ನಿಜ. ಅಷ್ಟು ಬೇಗ ಹಾಕಿಸಿಕೊಂಡದ್ದು ಆಯಸ್ಸಿನೊಳಗೇ ಸವೆದು ಎರಡನೇ ಸಲ ಬದಲಿಸಬೇಕಾಗಿ ಬರಬಹುದು, ಅದು ಮೊದಲಿನಷ್ಟು ಸಲೀಸಲ್ಲ.

ಉಳಿದವರಿಗೆ ಮೂರು ತಿಂಗಳ ಪರೀಕ್ಷೆಯೇ ದಾರಿ, ಅದನ್ನು ಅಳೆಯುತ್ತ ಮಾಡಬೇಕು. ಎರಡೂ ತೊಡೆಗಳ ಸುತ್ತಳತೆಯನ್ನು ಟೇಪಿನಲ್ಲಿ ಅಳೆದು ಬರೆದಿಡಬೇಕು. ಮಂಡಿ ಎಂದು, ಏನು ಮಾಡುವಾಗ ಜಾರಿತು ಎಂಬುದನ್ನು ದಿನಾಂಕದೊಡನೆ ಗುರುತು ಹಾಕಿಕೊಳ್ಳಬೇಕು. ಕೊನೆಯಲ್ಲಿ ಫಿಸಿಯೋಥೆರಪಿಸ್ಟರ ಎದುರು ಒಂಟಿಕಾಲಿನಲ್ಲಿ ಜಿಗಿದು ನೋಡಬೇಕು. ಗಾಯದ ಕಾಲು ಒಳ್ಳೆಯ ಕಾಲಿನ ಶೇ 90ರಷ್ಟು ದೂರ ಜಿಗಿದು ತಡಬಡಿಸದೆ ನಿಂತರೆ ಒಳ್ಳೆಯ ಲಕ್ಷಣ. ಇಷ್ಟು ಮಾಡಿಯೂ ಮಂಡಿ ಮತ್ತೆ ಕೈಕೊಟ್ಟರೆ, ಅದು ಮೆಟ್ಟಿಲ ಮೇಲೇ ಆಗಿರಲಿ ರೈಲ್ವೆ ಪ್ಲಾಟ್‌ಫಾರ್ಮಿನಲ್ಲೇ ಆಗಿರಲಿ, ಶಸ್ತ್ರವೈದ್ಯರ ಬಳಿಗೆ ಹೋಗಬೇಕು. 

ವಿಮೆಯೂ ಕೊಡದ, ಬಡವನ ಕೈಗೂ ಎಟುಕದ ಈ ಮೂರು ತಿಂಗಳ ವ್ಯಾಯಾಮವನ್ನು ಯಾರು ಕೊಡಬೇಕು? ಮುಂಬಯಿಯ ನಮ್ಮ ಸಂಘಗಳು ಕಣ್ಣಿನ ಶಿಬಿರ, ಹೃದಯ ತಪಾಸಣಾ ಶಿಬಿರ, ರಕ್ತದಾನ ಎಲ್ಲವನ್ನೂ ಮಾಡುತ್ತವೆ. ಕಬಡ್ಡಿ ಪಂದ್ಯಾಟಕ್ಕೆ ಆಳೆತ್ತರದ ಟ್ರೋಫಿ ತರುತ್ತವೆ. ಅದೇ ಪಂದ್ಯಾಟದಲ್ಲಿ ಬಿದ್ದ ಹುಡುಗನನ್ನು ರಿಕ್ಷಾ ಹತ್ತಿಸಿದಲ್ಲಿಗೆ ಅವುಗಳ ಹೊಣೆ ಮುಗಿಯುತ್ತದೆ. ಸಂಘದ ಸಭಾಭವನ ವಾರದ ಬೆಳಗಿನ ಹೊತ್ತು ಖಾಲಿ ಬಿದ್ದಿರುತ್ತದೆ. ವಾರಕ್ಕೆ ಎರಡು ಬೆಳಿಗ್ಗೆ ಒಬ್ಬ ಫಿಸಿಯೋಥೆರಪಿಸ್ಟರನ್ನು ಸಂಭಾವನೆ ಕೊಟ್ಟು ಕರೆಸಿ, ನಾಲ್ಕು ಚಾಪೆ, ಎಳೆಯುವ ರಬ್ಬರ್ ಪಟ್ಟಿಗಳು, ಒಂದಿಷ್ಟು ಮರದ ಮೆಟ್ಟಿಲು ಇಟ್ಟರೆ ಹತ್ತು ಹನ್ನೆರಡು ಮಂಡಿಗಳಿಗೆ ಒಟ್ಟಿಗೆ ಆಗುತ್ತದೆ. ಈ ವ್ಯಾಯಾಮಕ್ಕೆ ದುಬಾರಿ ಯಂತ್ರವೇನೂ ಬೇಡ. ಹೋಟೆಲಿನವರಿಗೆ ಬೆಳಿಗ್ಗೆ ಆಗುವುದಿಲ್ಲ, ಹಾಗಾಗಿ ಮಧ್ಯಾಹ್ನ ಮೂರರಿಂದ ಐದರ ನಡುವೆ ಒಂದು ತಂಡ ಬೇರೆಯೇ ಇಡಬೇಕಾಗುತ್ತದೆ.